ಹಾಲಿನ ಬಾಂಧವ್ಯಕ್ಕೆ ಮೈಕ್ರೋ ಆರ್‌ಎನ್‌ಎ ಸಾಕ್ಷಿ ಹೇಳಬೇಕೇ?

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರವಿದೆ. ಅಲ್ಲಿನ ಒಂದು ಮನೆಯಲ್ಲಿ ಕಳೆದ ಚಳಿಗಾಲದಲ್ಲಿ ಮದುವೆಯ ಮಾತುಕತೆ ನಡೆದಿತ್ತು. ಹುಡುಗ ಕಲಬುರಗಿ ನಗರದವನು. ಹುಡುಗಿ ಅವನ ಖಾಲಾರ ಮಗಳು, ಕಮಲಾಪುರದಲ್ಲೇ ಬೆಳೆದವಳು. ನಮ್ಮ ಕಡೆ ಇಂತಹ ಸಂಬಂಧಗಳು ಹೊಸತಲ್ಲ. ಎರಡೂ ಮನೆಗಳವರು ಒಪ್ಪಿದ್ದರು. ಹಿರಿಯರು ದಿನ ಗೊತ್ತುಮಾಡಲು ಕುಳಿತಿದ್ದಾಗ ಒಳಕೋಣೆಯಿಂದ ನಾನಿ ಹೇಳಿ ಕಳುಹಿಸಿದರು: ಈ ನಿಕಾಹ್ ಆಗದು, ಹುಡುಗ ತನ್ನ ಖಾಲಾರ ಹಾಲು ಕುಡಿದವನು.

ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಸಂಗತಿಯದು. ಹೆರಿಗೆಯ ನಂತರ ತೀವ್ರ ರಕ್ತಸ್ರಾವವಾಗಿ ಹುಡುಗನ ತಾಯಿ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದರು. ಕೂಸನ್ನು ಕಮಲಾಪುರಕ್ಕೆ ತರಲಾಯಿತು. ಆಗ ಖಾಲಾರ ಮಡಿಲಲ್ಲಿ ಐದು ತಿಂಗಳ ಮಗನಿದ್ದ. ಅವರು ಇಬ್ಬರನ್ನೂ ಎದೆಗೆ ಹಾಕಿಕೊಂಡರು. ಆ ಖಾಲಾ ಇಂದು ನಮ್ಮೊಂದಿಗಿಲ್ಲ. ಹುಡುಗನ ತಾಯಿಗೆ ಆ ದಿನಗಳ ನೆನಪು ಮಸುಕು. ಎಮ್ಮೆಯ ಹಾಲು ಕುಡಿಸಿದರೆಂದೇ ಅವರು ಇಷ್ಟು ವರ್ಷ ತಿಳಿದಿದ್ದರು. ಖಾಲೂಗೆ ವಿಷಯ ಗೊತ್ತಿತ್ತು. ಆದರೆ ತಮ್ಮ ಮಗಳು ಹುಟ್ಟಿದ್ದು ನಾಲ್ಕು ವರ್ಷಗಳ ಅನಂತರವಾದ್ದರಿಂದ, ಅವಳು ಕುಡಿದ ಹಾಲೇ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಭಾವಿಸಿದ್ದರು.

ಮಾತುಕತೆ ವಾದವಾಯಿತು. ಹುಡುಗಿಯ ಅಣ್ಣ ಮೊಬೈಲ್ ತೆಗೆದು ವಾಟ್ಸಾಪಿನಲ್ಲಿ ಬಂದಿದ್ದ ಸಂದೇಶವೊಂದನ್ನು ಓದಿದ. ತಾಯಿಯ ಹಾಲಿನಲ್ಲಿರುವ ಮೈಕ್ರೋ ಆರ್‌ಎನ್‌ಎ ಎಂಬ ವಸ್ತುವು ಮಗುವಿನ ವಂಶವಾಹಿಗಳನ್ನು ಬದಲಿಸುತ್ತದೆ, ಆದ್ದರಿಂದ ಒಂದೇ ತಾಯಿಯ ಹಾಲು ಕುಡಿದವರು ನಿಜಕ್ಕೂ ರಕ್ತಸಂಬಂಧಿಗಳಾಗುತ್ತಾರೆ, ನೊಬೆಲ್ ಪಡೆದ ವಿಜ್ಞಾನಿಗಳು ಇದನ್ನು ಸಾಬೀತುಪಡಿಸಿದ್ದಾರೆ ಎಂದು ಅದರಲ್ಲಿತ್ತು. ಹುಡುಗನ ಕಡೆಯ ಒಬ್ಬ ಇಂಜಿನಿಯರ್ ಯುವಕ ಅದೇ ಅಸ್ತ್ರವನ್ನು ತಿರುಗಿಸಿ ಹಿಡಿದ. ಆ ಆರ್‌ಎನ್‌ಎ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ ಎನ್ನುವ ಸಂಶೋಧನೆಗಳೂ ಇವೆ, ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಹದಿನೆಂಟು ದಿನದ ಹಾಲಿನದು ಇಂದು ಏನು ಉಳಿದೀತು, ನಿಕಾಹ್‌ಗೆ ಅಡ್ಡಿಯಿಲ್ಲ ಎಂದು ಅವನು ವಾದಿಸಿದ.

ನಮ್ಮನ್ನು ಕರೆದದ್ದು ಆಗ. ವಿಜ್ಞಾನದ ಪುಸ್ತಕಗಳನ್ನು ತಿರುವಿ ಹಾಕುವ ಹವ್ಯಾಸ ನಮಗಿರುವುದು ಅವರಿಗೆ ತಿಳಿದಿತ್ತು. ಫತ್ವಾ ನೀಡುವ ಅರ್ಹತೆ ನಮಗಿಲ್ಲ. ಅದನ್ನು ಕಲಬುರಗಿಯ ಮುಫ್ತಿಯೊಬ್ಬರ ಬಳಿ ಕೇಳಿರೆಂದು ಹೇಳಿದೆವು. ಆದರೆ ಆ ಎರಡೂ ವಾದಗಳು ನಿಂತಿದ್ದ ನೆಲ ಒಂದೇ ಆಗಿತ್ತು, ಮತ್ತು ಆ ನೆಲವೇ ಸರಿಯಿಲ್ಲ. ಶರೀಅತ್ತಿನ ಒಂದು ವಿಧಿಯ ಅಳಿವು ಉಳಿವು ಕಣ್ಣಿಗೆ ಕಾಣದ ಒಂದು ಅಣುವಿನ ಕೈಯಲ್ಲಿದೆ ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಈ ಬರಹ ಅದರ ಕುರಿತು. ಆ ಮನೆಯವರು ಹೆಸರಿಲ್ಲದೆ ಬರೆಯಲು ಅನುಮತಿಯಿತ್ತಿದ್ದಾರೆ.

ಮೊದಲು ಆ ಅಣುವನ್ನೇ ನೋಡೋಣ. ಅಲ್ಲಾಹನ ಸೃಷ್ಟಿಯ ಸೂಕ್ಷ್ಮಗಳಲ್ಲಿ ಅದೂ ಒಂದು, ಮತ್ತು ಅದನ್ನು ಸರಿಯಾಗಿ ತಿಳಿಯದೆ ಹಂಚುವುದು ಆ ಸೃಷ್ಟಿಗೆ ಸಲ್ಲಿಸುವ ಗೌರವವಲ್ಲ.

ನಮ್ಮ ಊರಿನ ದಾವತ್‌ಗಳಲ್ಲಿ ತಹರಿ ಬೇಯಿಸುವ ಭಟಿಯಾರಖಾನೆಯನ್ನು ಕಲ್ಪಿಸಿಕೊಳ್ಳಿ. ಹಿರಿಯ ಬಾವರ್ಚಿಯ ಬಳಿ ಎಲ್ಲ ಅಡುಗೆಗಳ ವಿವರವಿರುವ ಒಂದು ದಪ್ಪ ಪುಸ್ತಕವಿದೆ. ಅದು ಅವನ ಪೆಟ್ಟಿಗೆಯಿಂದ ಹೊರಬರುವುದಿಲ್ಲ. ಇಂದು ಬೇಕಾದ ಅಡುಗೆಯ ವಿವರವನ್ನು ಮಾತ್ರ ಒಂದು ಚೀಟಿಯಲ್ಲಿ ನಕಲು ಮಾಡಿ ಒಲೆಯ ಬಳಿ ಇರುವವರಿಗೆ ಕೊಡಲಾಗುತ್ತದೆ. ಜೀವಕೋಶದಲ್ಲಿ ಆ ಪುಸ್ತಕವೇ ಡಿಎನ್‌ಎ, ಚೀಟಿಯೇ ಸಂದೇಶವಾಹಕ ಆರ್‌ಎನ್‌ಎ, ಬೆಂದ ಅಡುಗೆಯೇ ಪ್ರೋಟೀನು. ಮೈಕ್ರೋ ಆರ್‌ಎನ್‌ಎ ಎಂಬುದು ಇವುಗಳಲ್ಲಿ ಯಾವುದೂ ಅಲ್ಲ. ಅದು ಚೀಟಿಯ ಮೇಲೆ ಬಂದು ಅಂಟಿಕೊಳ್ಳುವ ಚಿಕ್ಕ ಕಾಗದದ ಚೂರು: ಇದನ್ನು ಕಡಿಮೆ ಮಾಡು, ಇದು ಇಂದು ಬೇಡ. ಸುಮಾರು 22 ಅಕ್ಷರಗಳಷ್ಟೇ ಅದರ ಉದ್ದ. ಅದು ಅಂಟಿಕೊಂಡ ಚೀಟಿಯಿಂದ ಅಡುಗೆ ಕಡಿಮೆಯಾಗುತ್ತದೆ ಅಥವಾ ಚೀಟಿಯೇ ಹರಿದುಹೋಗುತ್ತದೆ. ಪೆಟ್ಟಿಗೆಯಲ್ಲಿರುವ ಪುಸ್ತಕದ ಬರಹವನ್ನು ಅದು ತಿದ್ದುವುದಿಲ್ಲ.

ವಾಟ್ಸಾಪ್ ಸಂದೇಶದ ಮೊದಲ ತಪ್ಪು ಇಲ್ಲಿದೆ. ಹಾಲಿನಿಂದ ಬಂದ ಮೈಕ್ರೋ ಆರ್‌ಎನ್‌ಎ ಮಗುವಿನ ಕೋಶಗಳೊಳಗೆ ಹೋಗಿ ಕೆಲಸ ಮಾಡುತ್ತದೆಂದು ಒಪ್ಪಿಕೊಂಡರೂ, ಹಾಲೂಡಿದವಳ ವಂಶವಾಹಿ ಆ ಮಗುವಿನದಾಗುವುದಿಲ್ಲ.

ಎರಡನೆಯ ತಪ್ಪು ನೊಬೆಲ್‌ನದು. ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್ ಅವರಿಗೆ 2024ರ ವೈದ್ಯಶಾಸ್ತ್ರದ ನೊಬೆಲ್ ಬಂದದ್ದು ನಿಜ. ಆದರೆ ಅವರು ನೋಡಿದ್ದು ಹಾಲನ್ನಲ್ಲ, ಸುಮಾರು ಒಂದು ಮಿಲಿಮೀಟರ್ ಉದ್ದದ, ಮಣ್ಣಿನಲ್ಲಿ ಬಾಳುವ ಒಂದು ಹುಳುವನ್ನು. 1993ರಲ್ಲಿ ಆ ಹುಳುವಿನಲ್ಲಿ ಮೊದಲ ಮೈಕ್ರೋ ಆರ್‌ಎನ್‌ಎ ಅನ್ನು ಅವರು ಗುರುತಿಸಿದಾಗ, ಅದು ಆ ಹುಳುವಿನ ಒಂದು ವಿಚಿತ್ರವೆಂದು ಉಳಿದವರು ಬದಿಗಿಟ್ಟರು. 2000ದಲ್ಲಿ ರುವ್‌ಕುನ್ ತಂಡ ಇನ್ನೊಂದನ್ನು ಕಂಡುಹಿಡಿದು, ಅದೇ ಅಣು ಮನುಷ್ಯನವರೆಗೂ ಹಲವು ಪ್ರಾಣಿಗಳಲ್ಲಿ ಇದೆಯೆಂದು ತೋರಿಸಿದಾಗಲೇ ಲೋಕ ತಿರುಗಿ ನೋಡಿತು. ಹಾಲಿನ ಸಂಬಂಧದ ಕುರಿತು ಅವರಿಬ್ಬರೂ ಏನನ್ನೂ ಸಾಬೀತುಪಡಿಸಿಲ್ಲ. ಒಬ್ಬ ಮನುಷ್ಯ ಹೇಳದ ಮಾತನ್ನು ಅವನ ಬಾಯಲ್ಲಿಡುವುದು, ಅವನು ಮುಸ್ಲಿಮನಲ್ಲದಿದ್ದರೂ, ಸುಳ್ಳೇ. ಒಂದು ಹದೀಸಿಗಾಗಿ ನಿರೂಪಕರ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದ ಸಮುದಾಯ ನಮ್ಮದು. ಫಾರ್ವರ್ಡ್ ಸಂದೇಶಗಳ ವಿಷಯದಲ್ಲಿ ಆ ಎಚ್ಚರ ಎಲ್ಲಿ ಹೋಯಿತೋ ತಿಳಿಯದು.

ಇನ್ನು ಹಾಲಿನ ಮಾತು. ಜೀವಕೋಶಗಳು ತಮ್ಮೊಳಗಿನಿಂದ ಅತಿ ಸಣ್ಣ ಕೊಬ್ಬಿನ ಪೊರೆಯ ಚೀಲಗಳನ್ನು ಹೊರಗೆ ಬಿಡುತ್ತವೆ. ಇವನ್ನು ಎಕ್ಸೋಸೋಮ್ ಎನ್ನುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಸಿಗುವ ಒಂದು ಭಾಗ ನ್ಯಾನೋಮೀಟರ್. ಅಂತಹ 30ರಿಂದ 150 ನ್ಯಾನೋಮೀಟರ್ ಈ ಚೀಲಗಳ ಅಗಲ. 1980ರ ದಶಕದಲ್ಲಿ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಕಂಡಾಗ, ಕೋಶವು ತನಗೆ ಬೇಡದ್ದನ್ನು ಹೊರಹಾಕುವ ಕಸದ ಚೀಲಗಳೆಂದೇ ಭಾವಿಸಲಾಗಿತ್ತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಚೀಲಗಳೊಳಗೆ ಆರ್‌ಎನ್‌ಎ ಮತ್ತು ಮೈಕ್ರೋ ಆರ್‌ಎನ್‌ಎಗಳು ಒಂದು ಕೋಶದಿಂದ ಇನ್ನೊಂದಕ್ಕೆ ಸಾಗುವುದನ್ನು ತೋರಿಸಿದರು. ಕಸದ ಚೀಲ ಎಂದುಕೊಂಡದ್ದು ಅಂಚೆಚೀಲವಾಗಿತ್ತು. ಅದೇ ವರ್ಷ ಸ್ವೀಡನ್ನಿನದೇ ಇನ್ನೊಂದು ಅಧ್ಯಯನ ತಾಯಿಯ ಮೊದಲ ಹಾಲಿನಲ್ಲೂ ನಂತರದ ಹಾಲಿನಲ್ಲೂ ಎಕ್ಸೋಸೋಮ್‌ಗಳಿವೆಯೆಂದು ಹೇಳಿತು. 2010ರಲ್ಲಿ ಜಪಾನಿನ ಸಂಶೋಧಕರು ತಾಯಿಯ ಹಾಲಿನಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಮೈಕ್ರೋ ಆರ್‌ಎನ್‌ಎಗಳನ್ನು ಗುರುತಿಸಿದರು. ಅವು ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ಹೆಚ್ಚಾಗಿದ್ದವು, ಮತ್ತು ತೀಕ್ಷ್ಣ ಆಮ್ಲದಲ್ಲೂ ಕೆಡದೆ ಉಳಿದಿದ್ದವು.

ಆಮ್ಲದ ಮಾತು ಏಕೆ ಮುಖ್ಯ? ಬರಿಯ ಆರ್‌ಎನ್‌ಎ ಬಹಳ ನಾಜೂಕು. ಹೊಟ್ಟೆಗೆ ಹೋದರೆ ಕ್ಷಣಗಳಲ್ಲಿ ಚೂರಾಗುತ್ತದೆ. ಕೊಬ್ಬಿನ ಪೊರೆಯ ಚೀಲದೊಳಗೆ ಅದು ಸುರಕ್ಷಿತ. ಮೇಲಾಗಿ ನವಜಾತ ಶಿಶುವಿನ ಜಠರದ ಆಮ್ಲ ದೊಡ್ಡವರದಷ್ಟು ತೀಕ್ಷ್ಣವಲ್ಲ, ಅದರ ಕರುಳಿನ ಗೋಡೆಯೂ ಇನ್ನೂ ಸಡಿಲ. ಪ್ರಯೋಗಶಾಲೆಯಲ್ಲಿ ಹಾಲಿನ ಎಕ್ಸೋಸೋಮ್‌ಗಳನ್ನು ಕರುಳಿನ ಕೋಶಗಳ ಮೇಲೆ ಬಿಟ್ಟಾಗ, ಆ ಕೋಶಗಳು ಅವನ್ನು ಒಳಗೆ ಸೇರಿಸಿಕೊಂಡು ಚೆನ್ನಾಗಿ ಬೆಳೆದಿವೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಬಲಿ ತೆಗೆದುಕೊಳ್ಳುವ ಒಂದು ಭೀಕರ ಕರುಳುಬೇನೆಯಿದೆ. ಕರುಳಿನ ಗೋಡೆಯೇ ಕೊಳೆಯುತ್ತದೆ. ಇಲಿಮರಿಗಳಲ್ಲಿ ನಡೆದ ಪ್ರಯೋಗಗಳಲ್ಲಿ ಹಾಲಿನ ಎಕ್ಸೋಸೋಮ್‌ಗಳು ಆ ಹಾನಿಯನ್ನು ತಗ್ಗಿಸಿವೆ. ತಾಯಿಯ ಹಾಲು ಆಹಾರವೂ ಹೌದು, ಓಲೆಯೂ ಹೌದು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಆದರೆ ಓಲೆ ಎಷ್ಟು ದೂರ ತಲುಪುತ್ತದೆ? ಇಲ್ಲಿ ವಿಜ್ಞಾನಿಗಳೇ ಜಗಳವಾಡುತ್ತಿದ್ದಾರೆ. 2014ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡವು, ಹಸುವಿನ ಹಾಲು ಕುಡಿದ ದೊಡ್ಡವರ ರಕ್ತದಲ್ಲಿ ಹಾಲಿನ ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಏರುತ್ತದೆಂದು ವರದಿ ಮಾಡಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಝೂರಿಕ್‌ನಿಂದ ಬಂದ ಅಧ್ಯಯನ ಇದಕ್ಕೆ ವಿರುದ್ಧವಾಗಿತ್ತು. ಅವರ ಯುಕ್ತಿ ಮೆಚ್ಚುವಂಥದು. ಕೆಲವು ಮೈಕ್ರೋ ಆರ್‌ಎನ್‌ಎಗಳು ಹುಟ್ಟಿನಿಂದಲೇ ಇಲ್ಲದ ಇಲಿಮರಿಗಳನ್ನು, ಅವು ಹೇರಳವಾಗಿರುವ ಸಾಕುತಾಯಿಯ ಹಾಲಿಗೆ ಬಿಟ್ಟರು. ಹಾಲಿನಿಂದ ಬಂದಿದ್ದರೆ ಮರಿಗಳ ರಕ್ತದಲ್ಲಿ, ಯಕೃತ್ತಿನಲ್ಲಿ ಅವು ಸಿಗಬೇಕಿತ್ತು. ಸಿಗಲಿಲ್ಲ. ಅಂಥವು ಹಾಲಿನಲ್ಲಿ ಕೇವಲ ಆಹಾರವಾಗಿ ಜೀರ್ಣವಾಗುತ್ತವೆ ಎಂಬುದು ಅವರ ತೀರ್ಮಾನ. ಬಣ್ಣ ಹಚ್ಚಿದ ಎಕ್ಸೋಸೋಮ್‌ಗಳು ಇಲಿಯ ಅಂಗಾಂಗಗಳಿಗೆ ತಲುಪಿದವೆನ್ನುವ ಅಧ್ಯಯನಗಳು ಆ ನಂತರವೂ ಬಂದಿವೆ. ವಾದ ಮುಗಿದಿಲ್ಲ.

ಕಮಲಾಪುರದ ಆ ಇಬ್ಬರು ಯುವಕರೂ ಒಂದೊಂದು ಅರ್ಧವನ್ನು ಹಿಡಿದಿದ್ದರು. ಒಬ್ಬನು 2014ರ ಪಕ್ಷ, ಇನ್ನೊಬ್ಬನು 2015ರ ಪಕ್ಷ. ಮುಂದಿನ ವರ್ಷ ಮತ್ತೊಂದು ಅಧ್ಯಯನ ಬಂದರೆ ನಿಕಾಹ್ ಸಿಂಧುವಾಗುವುದೇ? ಅದರ ಮರುವರ್ಷ ಅಸಿಂಧುವಾಗುವುದೇ?

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದಲ್ಲಿ (4:23) ವಿವಾಹ ನಿಷಿದ್ಧವಾದ ಸ್ತ್ರೀಯರ ಸಾಲಿನಲ್ಲಿ, ಹೆತ್ತ ತಾಯಿ ಮತ್ತು ಒಡಹುಟ್ಟಿದ ಸಹೋದರಿಯರ ಜೊತೆಗೆ ಹಾಲೂಡಿದ ತಾಯಂದಿರು ಮತ್ತು ಹಾಲಿನ ಸಹೋದರಿಯರೂ ಸೇರಿದ್ದಾರೆ. ವಂಶದಿಂದ ನಿಷಿದ್ಧವಾಗುವುದು ಹಾಲಿನಿಂದಲೂ ನಿಷಿದ್ಧವೆಂದು ಪ್ರವಾದಿ(ಸ) ತಿಳಿಸಿರುವುದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ವರದಿಯಾಗಿದೆ. ಈ ವಿಧಿಯ ವಿವರಗಳನ್ನು ನೋಡಿದರೆ, ಅದು ಅಣುಗಳ ಲೆಕ್ಕದ ಮೇಲೆ ನಿಂತಿಲ್ಲವೆಂಬುದು ಸ್ವತಃ ಸ್ಪಷ್ಟವಾಗುತ್ತದೆ.

ಎಮ್ಮೆ ಹಸುಗಳ ಹಾಲು ಕುಡಿಯದ ಮನೆ ನಮ್ಮಲ್ಲಿ ಯಾವುದಿದೆ? ಹಸುವಿನ ಹಾಲಿನಲ್ಲೂ ಎಕ್ಸೋಸೋಮ್‌ಗಳಿವೆ. ಮನುಷ್ಯರ ಹಾಲಿನಲ್ಲಿ ಅತಿ ಹೆಚ್ಚಾಗಿರುವ ಮೈಕ್ರೋ ಆರ್‌ಎನ್‌ಎ, ಮಿರ್-148ಎ ಎಂಬುದು, ಹಸುವಿನ ಹಾಲಿನಲ್ಲೂ ಹೇರಳವಾಗಿದೆ. ಎರಡರ ಅಕ್ಷರ ಜೋಡಣೆಯೂ ಒಂದೇ. ಅಣುವೇ ಸಂಬಂಧವನ್ನು ಕಟ್ಟುವುದಾದರೆ ಒಂದೇ ಹಸುವಿನ ಹಾಲು ಕುಡಿದ ಓಣಿಯ ಮಕ್ಕಳೆಲ್ಲ ಒಡಹುಟ್ಟಿದವರಾಗಬೇಕಿತ್ತು. ಪ್ರಾಣಿಯ ಹಾಲಿನಿಂದ ಮನುಷ್ಯರ ನಡುವೆ ರಝಾಅತ್ ಸಂಬಂಧ ಏರ್ಪಡದು ಎಂದು ಫಿಕ್‌ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ಹಾಲೂಡಿದ ತಾಯಿಯ ಪತಿಯನ್ನು ತೆಗೆದುಕೊಳ್ಳಿ. ಹಝ್ರತ್ ಆಯಿಶಾ(ರ)ರಿಗೆ ಹಾಲೂಡಿದ್ದ ಮಹಿಳೆಯ ಪತಿಯ ಸಹೋದರರಾದ ಅಫ್ಲಹ್ ಎಂಬವರು ಮನೆಯೊಳಗೆ ಬರಲು ಅನುಮತಿ ಕೇಳಿದಾಗ ಅವರು ನಿರಾಕರಿಸಿದರು. ಹಾಲೂಡಿದ್ದು ಹೆಂಗಸು, ಗಂಡಸಲ್ಲವಲ್ಲ ಎಂಬುದು ಅವರ ಸಂದೇಹ. ಪ್ರವಾದಿ(ಸ) ಅವರನ್ನು ಚಿಕ್ಕಪ್ಪನೆಂದು ತಿಳಿಸಿ ಒಳಬಿಡಲು ಹೇಳಿದರು. ಆ ಚಿಕ್ಕಪ್ಪನಿಂದ ಹಾಲಿಗೆ ಯಾವ ಅಣುವೂ ಬಂದಿರಲಿಲ್ಲ.

ಕಮಲಾಪುರದ ಪ್ರಕರಣವೇ ಇನ್ನೊಂದು ಉದಾಹರಣೆ. ಖಾಲೂ ಅವರ ತರ್ಕ ಜೀವವಿಜ್ಞಾನದ ದೃಷ್ಟಿಯಿಂದ ತಪ್ಪೇನಲ್ಲ: ನಾಲ್ಕು ವರ್ಷಗಳ ನಂತರ ಹುಟ್ಟಿದ ಮಗಳು ಕುಡಿದದ್ದು ನಿಜಕ್ಕೂ ಬೇರೆ ಹಾಲು. ಆದರೆ ಶರೀಅತ್ತಿನಲ್ಲಿ ಆ ಹುಡುಗ ಖಾಲಾರ ಮಗನಾದ. ಮಗನಾದ ಮೇಲೆ ಅವರ ಎಲ್ಲ ಮಕ್ಕಳೂ, ಮೊದಲು ಹುಟ್ಟಿದವರೂ ನಂತರ ಹುಟ್ಟಿದವರೂ, ಅವನ ಸಹೋದರ ಸಹೋದರಿಯರೇ. ಅತ್ತ ಅವನ ಸ್ವಂತ ತಮ್ಮ ಆ ಹಾಲು ಕುಡಿದಿಲ್ಲವಾದ್ದರಿಂದ, ಅದೇ ಹುಡುಗಿಯನ್ನು ಅವನು ಮದುವೆಯಾಗಲು ಅಡ್ಡಿಯಿಲ್ಲ. ಪ್ರಯೋಗಶಾಲೆಯಲ್ಲಿ ಅಣ್ಣನ ರಕ್ತವನ್ನೂ ತಮ್ಮನ ರಕ್ತವನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ಅದು ಕಾಣಿಸುವುದು ಆ ಹದಿನೆಂಟು ದಿನಗಳ ಉಪಕಾರವನ್ನು ಬಲ್ಲವರಿಗೆ ಮಾತ್ರ.

ಹಾಗಾದರೆ ವಿಜ್ಞಾನದಲ್ಲಿ ಅಲ್ಲಾಹನ ದೃಷ್ಟಾಂತಗಳನ್ನು ಕಾಣಬಾರದೇ ಎಂದು ಕೇಳುವವರಿದ್ದಾರೆ. ಕಾಣಬೇಕು. ಎದೆಹಾಲಿನ ಒಂದು ಹನಿಯಲ್ಲಿ ತೇಲುವ ಓಲೆಗಳನ್ನು ನೆನೆದಾಗ ನಮ್ಮ ಬಾಯಿಂದಲೂ ಸುಬ್‌ಹಾನಲ್ಲಾಹ್ ಎಂಬ ಉದ್ಗಾರ ಹೊರಡುತ್ತದೆ. ಬೆರಗು ಬೇರೆ, ಪುರಾವೆ ಬೇರೆ. ಬೆರಗಿಗೆ ಹೊಸ ಅಧ್ಯಯನದಿಂದ ಭಂಗ ಬರುವುದಿಲ್ಲ. ಪುರಾವೆಯೆಂದು ಕಟ್ಟಿದ್ದು ಮುಂದಿನ ಅಧ್ಯಯನದೊಂದಿಗೆ ಕುಸಿಯುತ್ತದೆ, ಮತ್ತು ಅದರ ಅಡಿಯಲ್ಲಿ ಸಿಲುಕುವುದು ನಮ್ಮ ಮಕ್ಕಳ ವಿಶ್ವಾಸ. ಮೊಬೈಲ್ ಹಿಡಿದ ಆ ಎರಡನೆಯ ಯುವಕನನ್ನು ನೋಡಿದಾಗ ನಮಗೆ ಆದ ಆತಂಕ ಇದೇ. ಅವನು ಧರ್ಮವಿರೋಧಿಯಲ್ಲ, ಐದು ಹೊತ್ತು ನಮಾಝ್ ಮಾಡುವವನು. ವಿಧಿಯನ್ನು ವಿಜ್ಞಾನದ ಮೇಲೆ ನಿಲ್ಲಿಸಲು ನಾವೇ ಅವನಿಗೆ ಕಲಿಸಿದೆವು. ಅವನು ಕಲಿತ ಪಾಠವನ್ನು ಒಪ್ಪಿಸಿದ, ಅಷ್ಟೇ.

ಈ ಗೊಂದಲ ಮದುವೆಯ ಮನೆಯಲ್ಲೇ ನಿಲ್ಲುವುದಿಲ್ಲ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ತೆರೆಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಕೇಂದ್ರಗಳನ್ನು ಸ್ಥಾಪಿಸಲು ಕೇಂದ್ರ ಸರ್ಕಾರ 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ಇಂದಲ್ಲ ನಾಳೆ, ಒಂದು ಕಿಲೋ ತೂಕದ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೊರಗೆ ನಿಂತಿರುವ ನಮ್ಮದೇ ಒಬ್ಬ ತಂದೆಗೆ ವೈದ್ಯರು ಕೇಳುತ್ತಾರೆ: ಬೇರೆ ತಾಯಿಯ ಹಾಲು ಕೊಡಬಹುದೇ? ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1985ರಲ್ಲಿ ಮುಸ್ಲಿಮ್ ಜಗತ್ತಿನಲ್ಲಿ ಹಾಲಿನ ಬ್ಯಾಂಕುಗಳನ್ನು ಸ್ಥಾಪಿಸಕೂಡದೆಂದು ನಿರ್ಣಯಿಸಿತು. ಯಾರ ಹಾಲು ಯಾರಿಗೆ ಹೋಯಿತೆಂದು ತಿಳಿಯದೆ ಸಂಬಂಧಗಳು ಕಲಸಿಹೋಗುವ ಭಯ ಅದರ ಕಾರಣ. ಡಾ. ಯೂಸುಫ್ ಅಲ್ ಕರ್ಝಾವಿಯವರಂತಹ ವಿದ್ವಾಂಸರು ಅವಧಿಪೂರ್ವ ಶಿಶುಗಳ ಅಗತ್ಯವನ್ನು ಕಂಡು ಅನುಮತಿಯ ಕಡೆಗೆ ವಾಲಿದ್ದರು. ಇದು ಫಿಕ್‌ಹ್‌ನ ಗಂಭೀರ ಚರ್ಚೆ. ಹಾಲು ಎದೆಯಿಂದ ನೇರವಾಗಿ ಬಂದಿರಬೇಕೇ, ಬೆರಕೆಯಾದ ಹಾಲಿನ ವಿಧಿಯೇನು, ಸಂದೇಹವಿದ್ದಾಗ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಹನಫಿಗಳು ಎರಡು ವರ್ಷದೊಳಗೆ ಒಂದು ಗುಟುಕಿಗೂ ಸಂಬಂಧ ಏರ್ಪಡುತ್ತದೆನ್ನುತ್ತಾರೆ (ಇಮಾಮ್ ಅಬೂಹನೀಫಾ ಸ್ವತಃ ಎರಡೂವರೆ ವರ್ಷವೆಂದಿದ್ದರು), ಶಾಫಿಈಗಳು ಐದು ಬಾರಿ ಹಾಲೂಡಬೇಕೆನ್ನುತ್ತಾರೆ.

ಈ ಚರ್ಚೆಯೊಳಗೂ ನಮ್ಮ ಅಣು ನುಸುಳಿದೆ. ಬ್ಯಾಂಕಿನ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಬಿಸಿ ಮಾಡುತ್ತಾರೆ, ಅದರಿಂದ ಎಕ್ಸೋಸೋಮ್‌ಗಳೂ ಮೈಕ್ರೋ ಆರ್‌ಎನ್‌ಎಗಳೂ ಕುಂದುತ್ತವೆ, ಆದ್ದರಿಂದ ರಝಾಅತ್ ಏರ್ಪಡುವುದಿಲ್ಲ ಎನ್ನುವ ಮಾತನ್ನು ನಾವು ಕೇಳಿದ್ದೇವೆ. ಶಾಖದಿಂದ ಅವು ಕುಂದುವುದು ನಿಜ. ಅದರಿಂದ ಫಿಕ್‌ಹ್‌ನ ತೀರ್ಮಾನ ಹೊರಡುವುದಿಲ್ಲ. ಬಿಸಿ ಮಾಡಿದ ಹಾಲಿನ ವಿಧಿಯನ್ನು ಉಲಮಾಗಳು ತಮ್ಮ ಪ್ರಮಾಣಗಳಿಂದ ಹೇಳಲಿ. ಕಲಬುರಗಿಯ ಮಕ್ಕಳ ವೈದ್ಯರೂ ಮುಫ್ತಿಗಳೂ ಒಂದು ದಿನ ಒಟ್ಟಿಗೆ ಕುಳಿತು ಒಂದು ಪುಟದ ಉತ್ತರವನ್ನು ಸಿದ್ಧಪಡಿಸಿಡಬೇಕೆಂಬುದು ನಮ್ಮ ಬಲವಾದ ಅಭಿಪ್ರಾಯ. ಗಾಜಿನ ಪೆಟ್ಟಿಗೆಯ ಮುಂದೆ ನಿಂತ ತಂದೆಗೆ ಗ್ರಂಥಗಳನ್ನು ಹುಡುಕುವ ಸಮಯವಿರುವುದಿಲ್ಲ. ಗುರುತಿರುವ ಒಬ್ಬಳೇ ತಾಯಿಯ ಹಾಲು ಪಡೆದು, ಹೆಸರು ಬರೆದಿಟ್ಟುಕೊಂಡರೆ ಕಲಸಿಹೋಗುವ ಭಯದ ಬಹುಪಾಲು ಇಲ್ಲವಾಗುತ್ತದೆಂದೂ ನಮಗೆ ತೋರುತ್ತದೆ.

ಈ ವಿಜ್ಞಾನದಿಂದ ನಮಗೆ ಯಾವ ಪಾಠವೂ ಇಲ್ಲವೆಂದು ಹೇಳುತ್ತಿಲ್ಲ. ಇದೆ, ಆದರೆ ಅದು ನಾವು ಫಾರ್ವರ್ಡ್ ಮಾಡುವ ಜಾಗದಲ್ಲಿಲ್ಲ.

ನಮ್ಮ ಎಷ್ಟೋ ಮನೆಗಳಲ್ಲಿ ಹೆರಿಗೆಯಾದ ಮೊದಲ ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲುವುದಿದೆ. ಕೆಟ್ಟ ಹಾಲು, ಮಗುವಿಗೆ ಆಗದು ಎನ್ನುತ್ತಾರೆ. ಅದರ ಬದಲಿಗೆ ಜೇನು, ಘುಟ್ಟಿ, ಸಕ್ಕರೆ ನೀರು. ಚೆಲ್ಲುವ ಆ ಹಾಲಿನಲ್ಲೇ ರೋಗನಿರೋಧಕ ಅಂಶಗಳು ದಟ್ಟವಾಗಿರುವುದು, ಎಕ್ಸೋಸೋಮ್‌ಗಳೂ ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ ಎನ್ನುತ್ತದೆ, ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡವೆನ್ನುತ್ತದೆ. ತಹ್ನೀಕ್ ಸುನ್ನತ್ತಾಗಿದೆ, ಖರ್ಜೂರವನ್ನು ಮೆದುಗೊಳಿಸಿ ಅಂಗುಳಕ್ಕೆ ತುಸು ತಾಗಿಸುವುದದು. ತಾಯಿಯ ಹಾಲನ್ನು ಎರಡು ದಿನ ತಡೆದಿಡುವುದು ತಹ್ನೀಕ್ ಅಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು, ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಕೂಸಿನ ನರಗಳಿಗೆ ಅಪಾಯ ಎಂದು ವೈದ್ಯರು ಎಚ್ಚರಿಸುತ್ತಾರೆ.

ಡಬ್ಬಿ ಹಾಲಿನ ಪುಡಿಯನ್ನು ಸ್ಥಿತಿವಂತಿಕೆಯ ಗುರುತಾಗಿ ಕಾಣುವ ಮನೆಗಳೂ ಇವೆ. ಪುಡಿಯಾಗುವ ಹೊತ್ತಿಗೆ ಆ ಹಾಲಿನಲ್ಲಿ ಎಕ್ಸೋಸೋಮ್ ಎನ್ನುವಂಥದು ಉಳಿದಿರುವುದು ಬಹಳ ಕಡಿಮೆ. ಎರಡು ವರ್ಷದೊಳಗಿನ ಮಕ್ಕಳ ಇಂತಹ ಆಹಾರ ಮತ್ತು ಬಾಟಲಿಗಳ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಿಂದ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಆದರೆ ಹಾಲು ಬಾರದ ತಾಯಿ, ಕಾಯಿಲೆಯ ತಾಯಿ, ಔಷಧಿಯ ಕಾರಣದಿಂದ ಹಾಲೂಡಬಾರದ ತಾಯಿ ಇದ್ದಾಳೆ. ವೈದ್ಯರ ಮಾತಿನಂತೆ ಪುಡಿ ಬಳಸುವ ಆಕೆಯನ್ನು ಚುಚ್ಚುವ ಹಕ್ಕು ಯಾರಿಗೂ ಇಲ್ಲ.

ಸೂರಃ ಅಲ್‌ಬಕರಃದ 233ನೆಯ ಸೂಕ್ತವನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತೇವೆ. ತಾಯಂದಿರು ಪೂರ್ಣ ಎರಡು ವರ್ಷ ಹಾಲೂಡುವ ವಿಷಯವನ್ನು ಸೊಸೆಗೆ ಓದಿ ಹೇಳುತ್ತೇವೆ. ಅದೇ ಸೂಕ್ತದಲ್ಲಿ ಆ ತಾಯಿಯ ಊಟ ಮತ್ತು ಉಡುಪಿನ ಹೊಣೆಯನ್ನು ತಂದೆಯ ಮೇಲೆ ಹೊರಿಸಲಾಗಿದೆ, ಮಗುವಿನ ಕಾರಣದಿಂದ ತಾಯಿಗೆ ತೊಂದರೆಯಾಗಬಾರದೆಂದು ತಿಳಿಸಲಾಗಿದೆ, ಪರಸ್ಪರ ಸಮಾಲೋಚಿಸಿ ಬೇಗ ಬಿಡಿಸಲು ಅಥವಾ ಬೇರೊಬ್ಬಳಿಂದ ಹಾಲೂಡಿಸಲು ಅವಕಾಶವನ್ನೂ ನೀಡಲಾಗಿದೆ. ಡಿಸೆಂಬರ್ ಜನವರಿಯಲ್ಲಿ ತೊಗರಿ ಕಟಾವಿಗೆ ಬಂದಾಗ ಕಮಲಾಪುರದ ಸುತ್ತಲಿನ ಹೊಲಗಳಿಗೆ ಹೋಗಿ ನೋಡಿ. ಮೂರು ತಿಂಗಳ ಬಾಣಂತಿ ಕೂಲಿಗೆ ಬಂದಿರುತ್ತಾಳೆ. ಕೂಸು ಮನೆಯಲ್ಲಿ ಅಜ್ಜಿಯ ಬಳಿ ಬಿಸ್ಕತ್ತು ನೆನೆಸಿದ ನೀರು ಕುಡಿಯುತ್ತಿರುತ್ತದೆ. ಸಂಜೆ ಮನೆಗೆ ಮರಳಿದ ತಾಯಿ ಎಲ್ಲರೂ ಉಂಡ ಮೇಲೆ ಉಣ್ಣುತ್ತಾಳೆ. ಎದೆಹಾಲಿನ ಮಹಿಮೆಯ ಫಾರ್ವರ್ಡ್ ಸಂದೇಶ ಆಕೆಯ ಗಂಡನ ಮೊಬೈಲಿನಲ್ಲಿರುತ್ತದೆ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಿಂದ ನಮ್ಮ ರಾಜ್ಯದಲ್ಲಿದೆ. ಹೊರಗೆ ಹೋಗಿ ಉಣ್ಣುವುದು ನಮ್ಮ ಮನೆಯ ಸಂಪ್ರದಾಯವಲ್ಲ ಎಂದು ಹೆಂಡತಿಯನ್ನು ತಡೆಯುವವನು, ಅದಕ್ಕೆ ಸಮನಾದ ಊಟವನ್ನು ಮನೆಯಲ್ಲಿ ಅವಳ ಮುಂದೆ ಇಡುತ್ತಾನೆಯೇ?

ಕಮಲಾಪುರಕ್ಕೆ ಮರಳೋಣ. ಮುಫ್ತಿಯವರು ನಾನಿಯ ಮಾತನ್ನು ಕೇಳಿದರು, ಆ ದಿನಗಳಲ್ಲಿ ಮನೆಗೆ ಬಂದುಹೋಗುತ್ತಿದ್ದ ನೆರೆಮನೆಯ ವೃದ್ಧೆಯ ಮಾತನ್ನೂ ಖಾಲೂ ಅವರ ಮಾತನ್ನೂ ಕೇಳಿದರು. ನಿಕಾಹ್ ಸಲ್ಲದೆಂದರು. ಹಝ್ರತ್ ಉಕ್ಬಃ ಬಿನ್ ಹಾರಿಸ್(ರ)ರವರ ವೃತ್ತಾಂತವನ್ನೂ ನೆನಪಿಸಿದರು. ಅವರ ವಿವಾಹವಾದ ಮೇಲೆ ಒಬ್ಬ ಮಹಿಳೆ ಬಂದು, ತಾನು ದಂಪತಿಗಳಿಬ್ಬರಿಗೂ ಹಾಲೂಡಿದ್ದೆನೆಂದಳು. ಅವರು ಮಕ್ಕಾದಿಂದ ಮದೀನಾಕ್ಕೆ ಪ್ರಯಾಣ ಮಾಡಿ ಪ್ರವಾದಿ(ಸ)ರನ್ನು ವಿಚಾರಿಸಿದರು. ಇಂತಹ ಮಾತು ಹೊರಟ ಮೇಲೆ ದಾಂಪತ್ಯ ಹೇಗೆ ಎಂಬ ಉತ್ತರ ಪಡೆದು ಬೇರ್ಪಟ್ಟರು. ಅದು ಕಡ್ಡಾಯ ಆಜ್ಞೆಯೋ ಎಚ್ಚರದ ಸಲಹೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಕಮಲಾಪುರದಲ್ಲಿ ಮದುವೆ ಇನ್ನೂ ಆಗಿರಲಿಲ್ಲ. ಅದಕ್ಕಾಗಿ ಎರಡೂ ಮನೆಯವರು ಅಲ್ಲಾಹನನ್ನು ಸ್ತುತಿಸಿದರು. ಹುಡುಗಿ ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲವೆಂದು ತಿಳಿದುಬಂತು. ಅದನ್ನೂ ಬರೆಯಬೇಕು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೆ ಆ ವಾರ ಅವಳ ಪಾಲಿಗೆ ಬರುತ್ತಿರಲಿಲ್ಲ.

ಹಾಲಿನ ಸಂಬಂಧವನ್ನು ಬರೆದಿಡುವ ಸಲಹೆಯನ್ನು ನಾವು ಆ ದಿನವೇ ಕೊಟ್ಟೆವು: ಹಾಲೂಡಿದವರ ಹೆಸರು, ಅವರ ಪತಿಯ ಹೆಸರು, ಮಗುವಿನ ಹೆಸರು, ವರ್ಷ, ಎಷ್ಟು ದಿನ, ಕಂಡವರು ಯಾರು. ಮನೆಯ ಲೆಕ್ಕದ ಪುಸ್ತಕದ ಕೊನೆಯ ಪುಟ ಸಾಕು, ನಕಲನ್ನು ಕಲಬುರಗಿಯ ಮನೆಯಲ್ಲೂ ಇಡಿ ಎಂದೆವು. ಹುಡುಗನೇ ಪೆನ್ನು ತೆಗೆದುಕೊಂಡು ಕುಳಿತ. ನಾನಿ ಹೇಳಿದ್ದನ್ನು ಬರೆದ, ಓದಿ ತೋರಿಸಿದ, ಹೆಬ್ಬೆಟ್ಟು ಒತ್ತಿಸಿಕೊಂಡ. ಪುಸ್ತಕ ಮುಚ್ಚುವಷ್ಟರಲ್ಲಿ ನಾನಿ ಕೈಯೆತ್ತಿ ತಡೆದರು.

"ಠೈರೋ ಬೇಟಾ, ಇನ್ನೊಬ್ಬನಿದ್ದಾನೆ. ಹಿಂದಿನ ಓಣಿಯ ದರ್ಜಿಯ ಮಗ. ಅವನ ತಾಯಿ ಹೆರಿಗೆಯಲ್ಲೇ ಹೋದಳು, ನಾನು ಎಂಟು ತಿಂಗಳು ಹಾಲು ಕೊಟ್ಟೆ. ಈಗ ಪುಣೆಯಲ್ಲಿದ್ದಾನಂತೆ. ಅವನಿಗೆ ಗೊತ್ತೋ ಇಲ್ಲವೋ. ಅವನ ಹೆಸರೂ ಬರೆ, ಆಮೇಲೆ ಅವನ ಫೋನ್ ನಂಬರ್ ಹುಡುಕು."